ಏಳನೇ ಸ್ಥಾನದಿಂದ ಕಪ್: ಬುಲ್‌ಡಾಗ್ಸ್ ಗೆದ್ದದ್ದು ಅದೃಷ್ಟದಿಂದಲೇ?

ಆಸ್ಟ್ರೇಲಿಯನ್ ಫುಟ್‌ಬಾಲ್ (ಆಡುಮಾತಿನಲ್ಲಿ ಫೂಟಿ) ಬಗ್ಗೆ ಈ ಸಲ ಬಂದ ಪ್ರಶ್ನೆಗಳಲ್ಲಿ ನಾಲ್ಕು ವೆಸ್ಟರ್ನ್ ಬುಲ್‌ಡಾಗ್ಸ್ ಕ್ಲಬ್ಬಿನ 2016ರ ಸೀಸನ್ ಕುರಿತೇ ಇದ್ದವು. ಅವಕ್ಕೆ ಒಟ್ಟಿಗೆ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಹುಬ್ಬಳ್ಳಿಯಿಂದ ಬಂದು ಮೆಲ್ಬರ್ನಿನ ಟಾರ್ನೀಟ್‌ನಲ್ಲಿ ನೆಲೆಸಿ ಎರಡು ವರ್ಷವಾಯಿತು. ಮಗಳು ಶಾಲೆಯಲ್ಲಿ ಫೂಟಿ ಆಡುತ್ತಾಳೆ, ಬುಲ್‌ಡಾಗ್ಸ್ ಅಂದ್ರೆ ಪ್ರಾಣ. 2016ರಲ್ಲಿ ಅವರು ಅಂಕಪಟ್ಟಿಯಲ್ಲಿ ಏಳನೆಯವರಾಗಿದ್ದರೂ ಕಪ್ ಗೆದ್ದರಂತೆ. ಏಳನೇ ತಂಡಕ್ಕೆ ಕಪ್ ಸಿಗೋದು ನ್ಯಾಯವೇ ಸರ್? ಬರೀ ಅದೃಷ್ಟ ಅಲ್ವಾ?

ಉತ್ತರ: ಅಲ್ಲ. ಆ ವರ್ಷದ ಅಂಕಪಟ್ಟಿಯನ್ನೇ ಒಮ್ಮೆ ಬಿಡಿಸಿ ನೋಡಿ, ನಿಮಗೇ ಗೊತ್ತಾಗುತ್ತದೆ.

ಈ ಆಟದ ದೊಡ್ಡ ಲೀಗ್ ಆದ ಎಎಫ್‌ಎಲ್‌ನಲ್ಲಿ (ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್) 18 ತಂಡಗಳಿವೆ. ಆ ವರ್ಷ ಒಂದೊಂದು ತಂಡಕ್ಕೂ 22 ಪಂದ್ಯ. ಗೆದ್ದರೆ 4 ಅಂಕ, ಸಮವಾದರೆ 2. ಇಬ್ಬರ ಅಂಕ ಒಂದೇ ಆದರೆ ಶೇಕಡಾವಾರು ನೋಡುತ್ತಾರೆ: ತಂಡ ಗಳಿಸಿದ ಸ್ಕೋರನ್ನು ಬಿಟ್ಟುಕೊಟ್ಟ ಸ್ಕೋರಿನಿಂದ ಭಾಗಿಸಿ ನೂರರಿಂದ ಗುಣಿಸಿದ್ದು. ಕ್ರಿಕೆಟ್‌ನಲ್ಲಿ ನೆಟ್ ರನ್‌ರೇಟ್ ಮಾಡುವ ಕೆಲಸವನ್ನೇ ಇದು ಮಾಡುತ್ತದೆ.

2016ರಲ್ಲಿ ಸಿಡ್ನಿ, ಜೀಲಾಂಗ್, ಹಾಥಾರ್ನ್ ತಲಾ 17 ಪಂದ್ಯ ಗೆದ್ದವು. ಗ್ರೇಟರ್ ವೆಸ್ಟರ್ನ್ ಸಿಡ್ನಿ, ಅಡಿಲೇಡ್, ವೆಸ್ಟ್ ಕೋಸ್ಟ್ ತಲಾ 16. ಬುಲ್‌ಡಾಗ್ಸ್ 15. ಎಂಟನೆಯ ನಾರ್ತ್ ಮೆಲ್ಬರ್ನ್ 12. ಅಂದರೆ ಮೊದಲ ಸ್ಥಾನಕ್ಕೂ ಏಳನೆಯದಕ್ಕೂ ಇದ್ದ ಅಂತರ ಎರಡೇ ಗೆಲುವು. ಏಳಕ್ಕೂ ಎಂಟಕ್ಕೂ ಮೂರು. ಏಳನೆಯವರು ಅಂದಾಕ್ಷಣ ತಳದ ತಂಡ ಅನ್ನಿಸುತ್ತದೆ, ಆದರೆ ಆ ವರ್ಷ ಮೇಲಿನ ಏಳೂ ತಂಡಗಳು ಒಂದೇ ಗುಂಪಿನಲ್ಲಿದ್ದವು.

ಆ 15 ಗೆಲುವು ಬಂದ ಪರಿಸ್ಥಿತಿಯನ್ನೂ ನೋಡಬೇಕು. ಮೂರನೇ ಸುತ್ತಿನಲ್ಲೇ ನಾಯಕ ಬಾಬ್ ಮರ್ಫಿ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡು ವರ್ಷವಿಡೀ ಹೊರಗುಳಿದರು. ಮಿಚ್ ವಾಲಿಸ್ ಕಾಲು ಮುರಿಯಿತು. ಜ್ಯಾಕ್ ಮ್ಯಾಕ್ರೇ, ಟಾಮ್ ಲಿಬರಟೋರ್ ಕೊನೆಯ ವಾರಗಳಲ್ಲಿ ಗಾಯದಿಂದ ಆಡಲಿಲ್ಲ. ಕಡೇ ಸುತ್ತಿನಲ್ಲಂತೂ ಪಟ್ಟಿಯ ಕೆಳಭಾಗದಲ್ಲಿದ್ದ ಫ್ರೀಮ್ಯಾಂಟಲ್ ಎದುರು ಪರ್ತ್‌ಗೆ ಹೋಗಿ ಸೋತು ಬಂದರು.

ಇಲ್ಲಿ ಒಂದು ವಿಷಯವನ್ನು ಒಪ್ಪಿಕೊಳ್ಳಲೇಬೇಕು. ಫೈನಲ್ಸ್‌ಗೆ (ಆಗ ಪಟ್ಟಿಯ ಮೊದಲ ಎಂಟು ತಂಡಗಳು ಕಪ್‌ಗಾಗಿ ಆಡುತ್ತಿದ್ದ ಕೊನೆಯ ಹಂತದ ಪಂದ್ಯಗಳು) ಮುಂಚೆ ಎಲ್ಲ ತಂಡಗಳಿಗೂ ಒಂದು ವಾರ ಬಿಡುವು ಕೊಡುವ ಪದ್ಧತಿ ಶುರುವಾದದ್ದು ಅದೇ ವರ್ಷ. ಹಿಂದಿನ ವರ್ಷ ಕೆಲವು ತಂಡಗಳು ಕಡೇ ಸುತ್ತಿನಲ್ಲಿ ಮುಖ್ಯ ಆಟಗಾರರನ್ನು ಕೂರಿಸಿದ್ದರಿಂದ ಈ ನಿಯಮ ಬಂತು. ಬುಲ್‌ಡಾಗ್ಸ್ ಪಾಲಿಗೆ ಅದು ವರವಾಯಿತು, ಮ್ಯಾಕ್ರೇ ಮತ್ತು ಲಿಬರಟೋರ್ ಇಬ್ಬರೂ ಚೇತರಿಸಿಕೊಂಡು ಮರಳಿದರು. ಆದರೆ ಆ ವಾರ ಸಿಕ್ಕಿದ್ದು ಎಂಟೂ ತಂಡಗಳಿಗೆ. ಉಳಿದದ್ದನ್ನು ಇವರು ಆಡಿಯೇ ಗಳಿಸಬೇಕಿತ್ತು.

ಮೊದಲ ನಾಲ್ಕು ಸ್ಥಾನದವರಿಗೆ ಫೈನಲ್ಸ್‌ನಲ್ಲಿ ಒಂದು ಸೋಲಿಗೆ ಮಾಫಿ ಇರುತ್ತದೆ; ಐದರಿಂದ ಎಂಟರವರೆಗಿನವರು ಸೋತರೆ ಅಲ್ಲಿಗೇ ಮನೆ. ಇವರು ಮತ್ತೆ ಪರ್ತ್‌ಗೆ ಹಾರಿ ವೆಸ್ಟ್ ಕೋಸ್ಟ್ ತಂಡವನ್ನು ಅದರ ತವರಲ್ಲೇ 47 ಪಾಯಿಂಟ್‌ಗಳಿಂದ ಸೋಲಿಸಿದರು. ನಂತರ ಎಂಸಿಜಿಯಲ್ಲಿ (ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್) ಹಾಥಾರ್ನ್. ಹಿಂದಿನ ಮೂರು ವರ್ಷ ಸತತ ಕಪ್ ಗೆದ್ದ ಆ ತಂಡದ ಮೇಲೆ 23 ಪಾಯಿಂಟ್ ಗೆಲುವು. ಆಮೇಲೆ ಸಿಡ್ನಿಗೆ ಹೋಗಿ ಗ್ರೇಟರ್ ವೆಸ್ಟರ್ನ್ ಸಿಡ್ನಿ ವಿರುದ್ಧ ಆರೇ ಪಾಯಿಂಟ್‌ಗಳಲ್ಲಿ ಉಸಿರು ಬಿಗಿಹಿಡಿದ ಗೆಲುವು. ಅಕ್ಟೋಬರ್ 1ರಂದು ಗ್ರ್ಯಾಂಡ್ ಫೈನಲ್‌ನಲ್ಲಿ, ಪಟ್ಟಿಯಲ್ಲಿ ಮೊದಲನೆಯದಾಗಿದ್ದ ಸಿಡ್ನಿ ಸ್ವಾನ್ಸ್ ವಿರುದ್ಧ 89–67. ನಾಲ್ಕು ವಾರ, ನಾಲ್ಕೂ ಪಂದ್ಯದಲ್ಲಿ ಪಟ್ಟಿಯಲ್ಲಿ ತಮಗಿಂತ ಮೇಲಿದ್ದವರೇ ಎದುರಾಳಿಗಳು. ಏಳನೇ ಸ್ಥಾನದಿಂದ ಕಪ್ ಗೆದ್ದ ಮೊದಲ ತಂಡ ಇದು. ಅದೃಷ್ಟ ಒಂದು ಸಲ ಕೈ ಹಿಡಿಯಬಹುದು ಸರ್, ಹೀಗೆ ನಾಲ್ಕು ಸಲ ಅಲ್ಲ. ನ್ಯಾಯವಾಗಿಯೇ ಗೆದ್ದರು ಅಂತ ಮಗಳಿಗೆ ಧೈರ್ಯವಾಗಿ ಹೇಳಿ.

ಪ್ರಶ್ನೆ: ಅವರ ಆಟದಲ್ಲಿ ಅಂಥ ವಿಶೇಷ ಏನಿತ್ತು? (ಮೈಸೂರಿನಿಂದ ಒಬ್ಬ ವಿದ್ಯಾರ್ಥಿ)

ಉತ್ತರ: ಹ್ಯಾಂಡ್‌ಬಾಲ್. ಫೂಟಿಯಲ್ಲಿ ಚೆಂಡನ್ನು ಕೈಯಿಂದ ಎಸೆಯುವಂತಿಲ್ಲ. ಒಂದು ಅಂಗೈ ಮೇಲೆ ಇಟ್ಟುಕೊಂಡು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿ ಕಳಿಸಬೇಕು. ಕೋಚ್ ಲ್ಯೂಕ್ ಬೆವರಿಡ್ಜ್ ಅವರ ಹುಡುಗರು ಗುಂಪುಗುಂಪಾಗಿ ಚೆಂಡಿನ ಮೇಲೆ ಮುಗಿಬಿದ್ದು, ಮೂರ್ನಾಲ್ಕು ಮಾರು ದೂರದಲ್ಲಿರುವ ಜೊತೆಗಾರನಿಗೆ ಪಟಪಟನೆ ಗುದ್ದಿ ದಾಟಿಸುತ್ತ, ಇಕ್ಕಟ್ಟಿನಿಂದ ಬಯಲಿಗೆ ಬರುತ್ತಿದ್ದರು. ಎದುರಾಳಿ ಒಬ್ಬನನ್ನು ಹಿಡಿಯುವಷ್ಟರಲ್ಲಿ ಚೆಂಡು ಮೂರನೆಯವನ ಕೈಯಲ್ಲಿ. ಇದಕ್ಕೆ ದಣಿವರಿಯದ ಕಾಲು ಬೇಕು. ಬದಲಿ ಆಟಗಾರರ ಅದಲುಬದಲನ್ನು ಪಂದ್ಯಕ್ಕೆ 120ರಿಂದ 90ಕ್ಕೆ ಇಳಿಸಿದ್ದೂ ಅದೇ ವರ್ಷ, ಅಂದರೆ ದಣಿವಾರಿಸಿಕೊಳ್ಳುವ ಅವಕಾಶವೂ ಕಡಿಮೆ. ಆಗ ಇಪ್ಪತ್ತರ ವಯಸ್ಸಿನ ಮಾರ್ಕಸ್ ಬೊಂಟೆಂಪೆಲ್ಲಿ ಆ ಜಂಗುಳಿಯ ನಡುವೆ ಚೆಂಡು ಹಿಡಿದು ಅವಸರವಿಲ್ಲದೆ ತಲೆಯೆತ್ತಿ ನೋಡುವ ರೀತಿಯನ್ನು ಗಮನಿಸಿ.

ಪ್ರಶ್ನೆ: ಟಾಮ್ ಬಾಯ್ಡ್ ಎಂಬ ಆಟಗಾರನಿಗೆ ಏಳು ವರ್ಷದ ದೊಡ್ಡ ಒಪ್ಪಂದ ಕೊಟ್ಟು ತಂದರು, ಅವನು ಮಧ್ಯದಲ್ಲೇ ನಿವೃತ್ತನಾದ ಎಂದು ಓದಿದೆ. ಅಷ್ಟು ಹಣ ಹಾಳಾಯಿತಲ್ಲವೇ? (ಬೆಂಗಳೂರಿನ ಓದುಗರು)

ಉತ್ತರ: ಅದನ್ನು ಹಾಳು ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಏಕೆಂದು ವಿವರವಾಗಿ ಹೇಳುತ್ತೇನೆ.

2014ರಲ್ಲಿ ಕ್ಲಬ್ 14ನೇ ಸ್ಥಾನದಲ್ಲಿತ್ತು. ಸೀಸನ್ ಮುಗಿಯುತ್ತಿದ್ದಂತೆ ನಾಯಕ ರಯಾನ್ ಗ್ರಿಫೆನ್ ಬೇರೆ ಕ್ಲಬ್ಬಿಗೆ ಹೋಗುತ್ತೇನೆಂದರು, ಕೋಚ್ ರಾಜೀನಾಮೆ ಕೊಟ್ಟರು. ಮನೆ ಕುಸಿಯುತ್ತಿದ್ದ ಆ ಹೊತ್ತಿನಲ್ಲಿ, ಗ್ರಿಫೆನ್ ಹೋದ ಗ್ರೇಟರ್ ವೆಸ್ಟರ್ನ್ ಸಿಡ್ನಿ ತಂಡದಿಂದಲೇ ಬಾಯ್ಡ್‌ನನ್ನು ತಂದರು. ಹಿಂದಿನ ವರ್ಷದ ಡ್ರಾಫ್ಟ್‌ನಲ್ಲಿ (ಕ್ಲಬ್ಬುಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿ) ಮೊದಲನೆಯವನಾಗಿ ಆಯ್ಕೆಯಾಗಿದ್ದ, ಹತ್ತೊಂಬತ್ತರ ಹುಡುಗ. ಆಮೇಲಿನ ಎರಡು ವರ್ಷ ಆ ಹಣದ ಮಾತು ಅವನ ಬೆನ್ನು ಬಿಡಲಿಲ್ಲ.

ಈಗ 2016ರ ಗ್ರ್ಯಾಂಡ್ ಫೈನಲ್‌ನ ಕೊನೆಯ ಕ್ವಾರ್ಟರ್‌ಗೆ ಬನ್ನಿ. ಎಂಸಿಜಿಯಲ್ಲಿ 99,981 ಜನ. ಜೇಸನ್ ಜೊಹಾನಿಸನ್ ಓಡಿಬಂದು ಹೊಡೆದ ಗೋಲು ವಿಡಿಯೋ ಪರಿಶೀಲನೆಯಲ್ಲಿ ರದ್ದಾಗಿತ್ತು. ಚೆಂಡಿಗೆ ಎದುರಾಳಿಯ ಕೈ ತಾಗಿತ್ತು. ಪಂದ್ಯ ಇನ್ನೂ ಯಾರದ್ದೂ ಆಗಿರಲಿಲ್ಲ. ಆಗ ಸಿಡ್ನಿಯ ಲ್ಯಾನ್ಸ್ ಫ್ರ್ಯಾಂಕ್ಲಿನ್ ಚೆಂಡು ಹಿಡಿದು ತಿರುಗುವಷ್ಟರಲ್ಲಿ ಹಿಂದಿನಿಂದ ಡೇಲ್ ಮಾರಿಸ್ ಅವರನ್ನು ತಬ್ಬಿ ಕೆಡವಿದರು. ಮಾರಿಸ್ ಬೆನ್ನುಮೂಳೆಯಲ್ಲಿ ಮುರಿತ ಇಟ್ಟುಕೊಂಡೇ ಆಡುತ್ತಿದ್ದರೆಂಬುದು ಹೊರಗೆ ಗೊತ್ತಾದದ್ದು ಆಮೇಲೆ. ಚೆಂಡು ಸಡಿಲವಾಗಿ ಬಿತ್ತು. ಬಾಯ್ಡ್ ಎತ್ತಿಕೊಂಡ. ಗೋಲು 50 ಮೀಟರ್‌ಗೂ ಆಚೆ. ಎರಡು ಹೆಜ್ಜೆ ಸರಿದು ಒದ್ದ. ಗೋಲಿನ ಬಾಯಲ್ಲಿ ಯಾರೂ ಇಲ್ಲ. ಚೆಂಡು ನೆಲಕ್ಕೆ ಬಿದ್ದು ಪುಟಿಯಿತು. ಆ ಮೊಟ್ಟೆಯಾಕಾರದ ಚೆಂಡು ಪುಟಿದರೆ ಎಡಕ್ಕೆ ಹೋಗುತ್ತದೋ ಬಲಕ್ಕೋ ಯಾರೂ ಹೇಳಲಾರರು. ಅದು ನೆಟ್ಟಗೆ ನಡುವಿನ ಎರಡು ಕಂಬಗಳ ಮಧ್ಯೆ ಹೋಯಿತು. ಆರು ಪಾಯಿಂಟ್. ಆ ತುಣುಕನ್ನು ಎಷ್ಟು ಸಲ ನೋಡಿದ್ದೇನೋ, ಚೆಂಡು ಪುಟಿಯುವ ಆ ಗಳಿಗೆಯಲ್ಲಿ ಈಗಲೂ ಉಸಿರು ನಿಲ್ಲುತ್ತದೆ.

ಅಂದು ಬಾಯ್ಡ್ ಮೂರು ಗೋಲು ಹೊಡೆದ. ಮರುವರ್ಷ ಮಾನಸಿಕ ಆರೋಗ್ಯಕ್ಕಾಗಿ ಆಟದಿಂದ ಬಿಡುವು ಪಡೆದ, 2019ರಲ್ಲಿ 23ನೇ ವಯಸ್ಸಿಗೆ ಉಳಿದ ಒಪ್ಪಂದವನ್ನು ಬಿಟ್ಟು ನಿವೃತ್ತನಾದ. ಆಮೇಲೆ ತನಗಾದದ್ದನ್ನು ಮುಚ್ಚಿಡದೆ ಸಾರ್ವಜನಿಕವಾಗಿ ಹೇಳಿಕೊಂಡ. ಆಟಗಾರನ ಬೆಲೆಯನ್ನು ವರ್ಷಕ್ಕಿಷ್ಟು ಪಂದ್ಯ ಅಂತ ಲೆಕ್ಕ ಹಾಕಿದರೆ ನಷ್ಟವೇ ಕಾಣುತ್ತದೆ. ಕ್ಲಬ್ಬಿನ ತವರಾದ ಫುಟ್‌ಸ್ಕ್ರೇ ಬಡಾವಣೆಯ ಬೀದಿಯಲ್ಲಿ ನಿಂತು ಕೇಳಿ, ಉತ್ತರ ಬೇರೆ ಸಿಗುತ್ತದೆ.

ಪ್ರಶ್ನೆ: ಫುಟ್‌ಸ್ಕ್ರೇಯಲ್ಲಿ ಕೆಲಸ ಮಾಡುತ್ತೇನೆ. 2016 ಅಂದರೆ ಇಲ್ಲಿನ ಹಿರಿಯರ ಕಣ್ಣು ತುಂಬಿಕೊಳ್ಳುತ್ತದೆ. ಒಂದು ಕಪ್‌ಗೆ ಇಷ್ಟೊಂದು ಯಾಕೆ? (ಪಾಯಿಂಟ್ ಕುಕ್‌ನ ಓದುಗರು)

ಉತ್ತರ: ಏಕೆಂದರೆ ಆ ಕ್ಲಬ್ಬೇ ಇಲ್ಲದಂತಾಗುವುದರಲ್ಲಿತ್ತು. 1989ರಲ್ಲಿ ಸಾಲದಲ್ಲಿ ಮುಳುಗಿದ್ದ ಫುಟ್‌ಸ್ಕ್ರೇ ಕ್ಲಬ್ಬನ್ನು (ಆಗ ಅದರ ಹೆಸರು ಅದೇ) ಫಿಟ್ಜ್‌ರಾಯ್ ಎಂಬ ಇನ್ನೊಂದು ಕ್ಲಬ್ಬಿನ ಜೊತೆ ವಿಲೀನ ಮಾಡುವುದಾಗಿ ಘೋಷಿಸಿಯೂ ಆಗಿತ್ತು. ಮೆಲ್ಬರ್ನಿನ ಪಶ್ಚಿಮದ ಕಾರ್ಖಾನೆ ಕೆಲಸಗಾರರು, ವಲಸಿಗರು, ಅಜ್ಜಿಯರು, ಮಕ್ಕಳು ಡಬ್ಬಿ ಹಿಡಿದು ಬೀದಿಬೀದಿಯಲ್ಲಿ ಚಂದಾ ಎತ್ತಿದರು. ವಿಷಯ ಕೋರ್ಟಿಗೆ ಹೋಯಿತು. ಕೆಲವೇ ವಾರಗಳಲ್ಲಿ ದುಡ್ಡು ಕೂಡಿಸಿ ಕ್ಲಬ್ಬನ್ನು ಉಳಿಸಿಕೊಂಡರು. ಆ ಹೋರಾಟದ ಮುಂದಾಳು, ವಕೀಲ ಪೀಟರ್ ಗಾರ್ಡನ್ 2016ರಲ್ಲಿ ಕ್ಲಬ್ಬಿನ ಅಧ್ಯಕ್ಷರಾಗಿದ್ದರು.

2016ಕ್ಕೆ ಮುಂಚೆ ಈ ಲೀಗಿನಲ್ಲಿ ಗೆದ್ದ ಒಂದೇ ಒಂದು ಕಪ್ 1954ರದ್ದು. ಗ್ರ್ಯಾಂಡ್ ಫೈನಲ್ ಆಡಿದ್ದೇ 1961ರಲ್ಲಿ ಕೊನೆ. 1985ರಿಂದ 2010ರೊಳಗೆ ಏಳು ಸಲ ಗ್ರ್ಯಾಂಡ್ ಫೈನಲ್‌ನ ಹೊಸ್ತಿಲಲ್ಲೇ ಸೋತರು. 1997ರಲ್ಲಿ ಬರೀ ಎರಡು ಪಾಯಿಂಟ್‌ಗಳಿಂದ. ಆ ಡಬ್ಬಿ ಹಿಡಿದಿದ್ದ ಕೈಗಳಲ್ಲಿ ಎಷ್ಟೋ 2016ನ್ನು ಕಾಣಲಿಲ್ಲ.

ಮರ್ಫಿ ವಿಷಯವನ್ನೂ ಇಲ್ಲೇ ಹೇಳಬೇಕು. ಆ ಏಳು ಸೋಲುಗಳಲ್ಲಿ ಕೊನೆಯ ಮೂರನ್ನು ಆಟಗಾರನಾಗಿ ಅನುಭವಿಸಿದವರು. ತಂಡ ಕೊನೆಗೂ ಗೆದ್ದ ದಿನ ಅವರು ಆಡುವ ಉಡುಪಿನಲ್ಲಿರಲಿಲ್ಲ. ಬದಲಿ ನಾಯಕ ಈಸ್ಟನ್ ವುಡ್ ಇನ್ನೇನು ಕಪ್ ಎತ್ತಬೇಕು, ಬೆವರಿಡ್ಜ್ ಮರ್ಫಿಯನ್ನು ವೇದಿಕೆಗೆ ಕರೆದರು. ಗೆದ್ದ ತಂಡದ ಕೋಚ್‌ಗೆ ಜಾಕ್ ಮೆಕ್‌ಹೇಲ್ ಪದಕ ಕೊಡುತ್ತಾರೆ. ಅದನ್ನು ತನ್ನ ಕೊರಳಿಂದ ತೆಗೆದು ಮರ್ಫಿಯ ಕೊರಳಿಗೆ ಹಾಕಿದರು. ಮರ್ಫಿ 312 ಪಂದ್ಯ ಆಡಿ ಮರುವರ್ಷ ನಿವೃತ್ತರಾದರು, ಗ್ರ್ಯಾಂಡ್ ಫೈನಲ್ ಆಡಲೇ ಇಲ್ಲ.

ಬಿಡುವಾದಾಗ ಕ್ಲಬ್ಬಿನ ಮೈದಾನ ವಿಟನ್ ಓವಲ್‌ಗೆ ಹೋಗಿ ಬನ್ನಿ. ವೆಸ್ಟ್ ಫುಟ್‌ಸ್ಕ್ರೇ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು. 1954ರ ತಂಡದಲ್ಲಿ ಆಡಿದ್ದ ಟೆಡ್ ವಿಟನ್ ಅವರ ಪ್ರತಿಮೆ ಅಲ್ಲಿದೆ. ಟಾರ್ನೀಟ್‌ನ ಓದುಗರೂ ಮಗಳನ್ನು ಕರೆದುಕೊಂಡು ಹೋಗಲಿ. ಹತ್ತಿರ ಯಾರಾದರೂ ಹಿರಿಯರು ಕೆಂಪು, ಬಿಳಿ, ನೀಲಿ ಪಟ್ಟಿಯ ಸ್ಕಾರ್ಫ್ ಹಾಕಿಕೊಂಡಿದ್ದರೆ, 1989ರಲ್ಲಿ ನೀವೆಲ್ಲಿದ್ದಿರಿ ಎಂದು ಅವಳೇ ಕೇಳಲಿ.