ಗುಂಪಿಗೆ ಯಾವ ಕೆಲಸ ಒಪ್ಪಿಸಬೇಕು, ಯಾವುದು ಬೇಡ: ಸ್ವತಂತ್ರ ಸಿನಿಮಾದವರ ಐದು ಪ್ರಶ್ನೆ

ಪ್ರಶ್ನೆ: ನಮ್ಮ ಮೊದಲ ಸಿನಿಮಾಕ್ಕೆ 12 ಲಕ್ಷ ರೂಪಾಯಿ ಕಡಿಮೆ ಬೀಳುತ್ತಿದೆ. ನಾವು ನಡೆಸುವ ಫೇಸ್‌ಬುಕ್ ಗುಂಪಿನಲ್ಲಿ 4,200 ಜನ ಇದ್ದಾರೆ. 'ಹತ್ತು ಸಾವಿರ ಹಾಕಿ, ಲಾಭದಲ್ಲಿ ಪಾಲು ಪಡೆಯಿರಿ' ಎಂದು ಪೋಸ್ಟ್ ಹಾಕಬಹುದೇ?
– ಹಾಸನದ ಓದುಗರು

ಉತ್ತರ: ಹಾಗೆ ಹಾಕಬೇಡಿ. 'ಲಾಭದಲ್ಲಿ ಪಾಲು' ಎಂದು ಬರೆದ ಕೂಡಲೇ ಅದು ಸಹಾಯ ಕೇಳುವ ಪೋಸ್ಟ್ ಆಗಿ ಉಳಿಯುವುದಿಲ್ಲ, ಹೂಡಿಕೆಗೆ ಕೊಟ್ಟ ಸಾರ್ವಜನಿಕ ಕರೆಯಾಗುತ್ತದೆ. 2013ರ ಕಂಪನಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ, ಖಾಸಗಿಯಾಗಿ ಷೇರು ಕೊಡಲು ಹೊರಟ ಕಂಪನಿ ಒಂದು ಆರ್ಥಿಕ ವರ್ಷದಲ್ಲಿ 200 ಜನರನ್ನು ಮೀರುವಂತಿಲ್ಲ. ಅಷ್ಟು ಜನರಿಗೂ ಹೆಸರು ಹಿಡಿದೇ ಆಹ್ವಾನ ಹೋಗಬೇಕು, ಜಾಹೀರಾತು ಕೂಡದು. 4,200 ಜನರ ಗುಂಪಿನಲ್ಲಿ ಹಾಕಿದ ಪೋಸ್ಟ್ ಜಾಹೀರಾತೇ. ಅಂತರ್ಜಾಲದಲ್ಲಿ ಷೇರು ತೋರಿಸಿ ಹಣ ಎತ್ತುವ ವೇದಿಕೆಗಳಿಗೆ ಮಾನ್ಯತೆ ಇಲ್ಲವೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2016ರಲ್ಲೇ ಎಚ್ಚರಿಸಿದೆ. 'ಲಾಭ ಬೇಡ, ವರ್ಷದೊಳಗೆ ಅಸಲು ವಾಪಸ್ ಕೊಡುತ್ತೇವೆ' ಎಂದರೂ ತಪ್ಪಿಸಿಕೊಂಡ ಹಾಗಲ್ಲ. ಅಲ್ಲಿ ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ 2019ರ ಕಾಯ್ದೆ ಎದುರಾಗುತ್ತದೆ.

ಈ ಮಾತು ಬಂದಾಗಲೆಲ್ಲ ಕನ್ನಡ ಚಿತ್ರ 'ಲೂಸಿಯಾ'ದ ಉದಾಹರಣೆ ಬರುತ್ತದೆ. ಅದರ ನಿರ್ದೇಶಕ ಪವನ್ ಕುಮಾರ್ ಬ್ಲಾಗ್ ಮತ್ತು ಫೇಸ್‌ಬುಕ್ ಮೂಲಕ ಕರೆ ಕೊಟ್ಟು ಸುಮಾರು 110 ಮಂದಿಯಿಂದ 50 ಲಕ್ಷ ರೂಪಾಯಿಯ ಆಸುಪಾಸು ಕೂಡಿಸಿದ್ದು ನಿಜ. 2013ರಲ್ಲಿ ಚಿತ್ರ ತೆರೆಗೂ ಬಂತು. ಆದರೆ ಆ ಲೆಕ್ಕವನ್ನು ಬಿಡಿಸಿ ನೋಡಿ: ತಲೆಗೆ ಸರಾಸರಿ 40 ಸಾವಿರ ದಾಟುತ್ತದೆ. ಅಂದರೆ ಹಣ ಬಂದದ್ದು ಸಾವಿರಾರು ಲೈಕುಗಳಿಂದಲ್ಲ, ಗಟ್ಟಿಯಾಗಿ ನಂಬಿದ ಕೆಲವೇ ಜನರಿಂದ. ಜೊತೆಗೆ ಕರೆ ಕೊಡುವ ಹೊತ್ತಿಗೆ ಅವರ ಹಿಂದೆ 'ಲೈಫು ಇಷ್ಟೇನೆ' (2011) ಇತ್ತು. ಇವರಿಗೆ ಸಿನಿಮಾ ಮುಗಿಸಲು ಬರುತ್ತದೆ ಎಂದು ಜನ ಕಣ್ಣಾರೆ ಕಂಡಿದ್ದರು.

ನಿಮಗೆ ಸುರಕ್ಷಿತ ದಾರಿ, ಹಣಕ್ಕೆ ಪ್ರತಿಯಾಗಿ ಪಾಲು ಕೊಡದೆ ವಸ್ತು ಅಥವಾ ಸೇವೆ ಕೊಡುವುದು: ಟೀಶರ್ಟ್, ಮೊದಲ ಪ್ರದರ್ಶನದ ಸೀಟು, ಶೀರ್ಷಿಕೆಯಲ್ಲಿ ಹೆಸರು. ಈಗ ಗುಂಪಿನ ನಿಜವಾದ ಶಕ್ತಿ ಅಳೆಯೋಣ. 4,200ರಲ್ಲಿ ನೂರಕ್ಕೆ ಮೂವರು ಕೊಟ್ಟರು ಎಂದು ಹಿಡಿಯಿರಿ, 126 ಜನ. ತಲಾ 1,500 ರೂಪಾಯಿ ಎಂದರೆ 1,89,000. ಉಳಿದ ಹತ್ತು ಲಕ್ಷವನ್ನು ನೀವು ಫೋನ್ ಮಾಡಿ ಮಾತಾಡಬಲ್ಲ ಇಪ್ಪತ್ತು-ಇಪ್ಪತ್ತೈದು ಜನರಿಂದ ತರಬೇಕು. ಅವರಲ್ಲಿ ಕಾಲುಭಾಗದಷ್ಟಾದರೂ ಒಪ್ಪಿಕೊಂಡ ಮೇಲೆಯೇ ಜನರಿಂದ ಹಣ ಸಂಗ್ರಹಿಸುವ (ಕ್ರೌಡ್‌ಫಂಡಿಂಗ್) ವೇದಿಕೆಯಲ್ಲಿ ಸಾರ್ವಜನಿಕವಾಗಿ ಶುರು ಮಾಡಿ. ಮೊದಲ ದಿನ ಸೊನ್ನೆ ತೋರಿಸುವ ಪುಟಕ್ಕೆ ಎರಡನೆಯ ದಿನ ಯಾರೂ ಹಣ ಹಾಕುವುದಿಲ್ಲ.

ಖರ್ಚನ್ನೂ ಮೊದಲೇ ಕಳೆದಿಡಿ. ವೇದಿಕೆಯ ಕಮಿಷನ್ ಶೇ 10 ಎಂದಿಟ್ಟುಕೊಂಡರೆ 12 ಲಕ್ಷಕ್ಕೆ 1,20,000, ಅದರ ಮೇಲೆ ಶೇ 18 ಜಿಎಸ್‌ಟಿ 21,600. ಪಾವತಿ ಗೇಟ್‌ವೇ ಶೇ 2 ಎಂದರೆ 24,000, ಅದರ ಜಿಎಸ್‌ಟಿ 4,320. ಟೀಶರ್ಟ್‌ಗೆ 280, ಪ್ಯಾಕಿಂಗ್ ಮತ್ತು ಕೊರಿಯರ್‌ಗೆ 90 ಎಂದರೆ 150 ಜನಕ್ಕೆ 55,500. ಕೈಗೆ ಉಳಿಯುವುದು 9,74,580. ನಿಮಗೆ ಪೂರ್ತಿ 12 ಲಕ್ಷ ಕೈಗೆ ಬೇಕಾದರೆ ಗುರಿ ಸುಮಾರು 14.6 ಲಕ್ಷ ಇರಬೇಕು. ಅರ್ಧಕ್ಕೆ ನಿಂತ ಎಷ್ಟೋ ಒಳ್ಳೆಯ ಚಿತ್ರಗಳು ಎಡವುವುದು ಈ ಕಳೆಯುವ ಲೆಕ್ಕದಲ್ಲೇ.

ಇನ್ನೆರಡು ಮಾತು. ಹಣ ನಿಮ್ಮ ಸಂಬಳದ ಖಾತೆಗೆ ಬರಬಾರದು. ಪ್ರತ್ಯೇಕ ಚಾಲ್ತಿ ಖಾತೆ ತೆರೆಯಿರಿ. ಬಂಧುಗಳಲ್ಲದವರಿಂದ ಒಬ್ಬ ವ್ಯಕ್ತಿಗೆ ಬಂದ ಉಡುಗೊರೆ ಹಣ ವರ್ಷಕ್ಕೆ 50,000 ದಾಟಿದರೆ ಇಡೀ ಮೊತ್ತ ತೆರಿಗೆಗೆ ಒಳಪಡುತ್ತದೆ, ದಾಟಿದ ಭಾಗ ಮಾತ್ರವಲ್ಲ. ಅನಿವಾಸಿ ಕನ್ನಡಿಗರು ಕೊಡುವುದಾದರೆ, ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ಬೇರೆ, ಅಲ್ಲಿಯ ಪೌರತ್ವ ಪಡೆದವರು ಬೇರೆ; ಎರಡನೆಯವರ ಹಣಕ್ಕೆ ವಿದೇಶಿ ದೇಣಿಗೆಯ ನಿಯಮ ಅನ್ವಯಿಸಬಹುದು. ಹಣ ಬರುವ ಮೊದಲೇ ಲೆಕ್ಕ ಪರಿಶೋಧಕರ ಹತ್ತಿರ ಕೂತು ಮಾತಾಡಿ.

ಪ್ರಶ್ನೆ: ಕುಂದಾಪ್ರ ಕನ್ನಡದ ನಮ್ಮ ಚಿತ್ರದ ರಫ್ ಕಟ್ಟನ್ನು (ಇನ್ನೂ ತಿದ್ದಬೇಕಿರುವ ಮೊದಲ ಸಂಕಲನ ಪ್ರತಿ) 60 ಜನರ ವಾಟ್ಸಾಪ್ ಗುಂಪಿಗೆ ಕಳಿಸಿದೆವು. ಒಬ್ಬರು ನಿಧಾನ ಅನ್ನುತ್ತಾರೆ, ಇನ್ನೊಬ್ಬರು ಗಡಿಬಿಡಿ ಅನ್ನುತ್ತಾರೆ. ಯಾರ ಮಾತು ಕೇಳಬೇಕು?
– ಉಡುಪಿ ಜಿಲ್ಲೆಯ ಓದುಗರು

ಉತ್ತರ: ಗುಂಪಿನಲ್ಲಿ ಒಟ್ಟಿಗೆ ಕೇಳಿದ್ದೇ ತೊಡಕು. ಮೊದಲ ಇಬ್ಬರು ಏನು ಬರೆಯುತ್ತಾರೋ ಉಳಿದವರು ಅದಕ್ಕೆ ಹೌದು ಅಥವಾ ಅಲ್ಲ ಅನ್ನುತ್ತಾರೆ. ಸಿನಿಮಾ ನೋಡಿದಾಗ ತಮಗೆ ಅನ್ನಿಸಿದ್ದು ಅಲ್ಲೇ ಮುಚ್ಚಿಹೋಗುತ್ತದೆ. ಸಾಲದ್ದಕ್ಕೆ ವಾಟ್ಸಾಪ್ ವಿಡಿಯೊವನ್ನು ಹಿಂಡಿ ಚಿಕ್ಕದು ಮಾಡುತ್ತದೆ: ಕತ್ತಲೆಯ ದೃಶ್ಯ ಬಣ್ಣದ ತುಣುಕುಗಳಾಗುತ್ತದೆ, ಮೆಲುದನಿ ಕೇಳುವುದಿಲ್ಲ. ಮಾತು ಕೇಳಿಸದವರು 'ಧ್ವನಿ ಸರಿಯಿಲ್ಲ' ಎನ್ನುವುದು ಕಡಿಮೆ. 'ಎಳೆದಿದ್ದೀರಿ' ಎನ್ನುತ್ತಾರೆ.

ಗುಂಪಿನಿಂದ 18 ಜನರನ್ನು ಆರಿಸಿ, ಆರಾರು ಜನರ ಮೂರು ಸುತ್ತು ಮಾಡಿ. ಒಂದು ಸುತ್ತು ನೋಡಿದವರಿಗೆ ಮುಂದಿನ ಕಟ್ ತೋರಿಸಬೇಡಿ. ಕಥೆ ಗೊತ್ತಿರುವವರು ಗೊಂದಲವನ್ನು ತಾವೇ ತುಂಬಿಕೊಳ್ಳುತ್ತಾರೆ. ಪ್ರತಿ ಆರರಲ್ಲಿ ಮೂವರು ಕುಂದಾಪುರ, ಬೈಂದೂರು ಕಡೆಯವರಿರಲಿ, ಮೂವರು ಮೈಸೂರು ಅಥವಾ ಕಲಬುರಗಿ ಕಡೆಯವರಿರಲಿ. ಊರಿನವರು ನಕ್ಕ ಕಡೆ ಹೊರಗಿನವರು ಸುಮ್ಮನಿದ್ದರೆ ಅದು ಭಾಷೆಯ ಸಮಸ್ಯೆ. ಇಬ್ಬರೂ ಸುಮ್ಮನಿದ್ದರೆ ದೃಶ್ಯದ ಸಮಸ್ಯೆ. ಈ ಎರಡನ್ನು ಬೇರ್ಪಡಿಸಿಕೊಳ್ಳದೆ ಒಳ್ಳೆಯ ಸಂಭಾಷಣೆ ಕತ್ತರಿಸಿ ಹಾಕಿದವರಿದ್ದಾರೆ. ಆ ನುಡಿಯ ಸೊಗಸು ಹಾಗೆ ಹೋಗಬಾರದು.

'ಹೇಗಿದೆ' ಎಂದು ಕೇಳಬೇಡಿ. ತೆರೆಯ ಮೇಲೆ ಟೈಮ್‌ಕೋಡ್ (ನಿಮಿಷ-ಸೆಕೆಂಡು ತೋರಿಸುವ ಅಂಕಿ) ಓಡುತ್ತಿರಲಿ, ನೋಡುವವರ ಕೈಯಲ್ಲಿ ಹಾಳೆ ಇರಲಿ. ಮೂರೇ ಪ್ರಶ್ನೆ: ಯಾವ ನಿಮಿಷದಲ್ಲಿ ಫೋನ್ ನೋಡಬೇಕೆನಿಸಿತು? ಎಲ್ಲಿ 'ಇದು ಯಾರು, ಯಾಕೆ' ಅನಿಸಿತು? ಕೊನೆಗೆ ಕಥೆಯನ್ನು ನಾಲ್ಕು ಸಾಲಿನಲ್ಲಿ ಹೇಳಿ. ಆರರಲ್ಲಿ ನಾಲ್ವರು ಒಂದೇ ನಿಮಿಷದ ಆಸುಪಾಸಿನಲ್ಲಿ ಗುರುತು ಹಾಕಿದರೆ ಅಲ್ಲಿ ತೊಂದರೆ ಇರುವುದು ಖಚಿತ. ಆದರೆ ಅವರು ಸೂಚಿಸುವ ಪರಿಹಾರ ಸಾಮಾನ್ಯವಾಗಿ ಸರಿಯಿರುವುದಿಲ್ಲ, ಏಕೆಂದರೆ ಬೇಸರ ಕಾಣಿಸಿಕೊಳ್ಳುವ ಜಾಗವೇ ಬೇರೆ, ಹುಟ್ಟುವ ಜಾಗವೇ ಬೇರೆ. 41ನೇ ನಿಮಿಷದಲ್ಲಿ ದಣಿದರೆ 37ನೇ ನಿಮಿಷದಿಂದ ನೋಡಿಕೊಂಡು ಬನ್ನಿ. ಪಾತ್ರಕ್ಕೆ ಏನು ಬೇಕು ಎನ್ನುವುದು ಅಲ್ಲೆಲ್ಲೋ ಕೈತಪ್ಪಿರುತ್ತದೆ.

ಫೈಲ್ ಕಳಿಸುವ ಕ್ರಮವನ್ನೂ ಬದಲಿಸಿ. 720ಪಿ ಪ್ರತಿ, ಪಾಸ್‌ವರ್ಡ್ ಇರುವ ಲಿಂಕ್, ಡೌನ್‌ಲೋಡ್ ಬಂದ್, ಎರಡು ದಿನ ಕಳೆದ ಮೇಲೆ ಲಿಂಕ್ ತೆಗೆದುಬಿಡಿ. ಒಬ್ಬೊಬ್ಬರಿಗೂ ಅವರ ಹೆಸರು ಅಚ್ಚಾದ ಪ್ರತ್ಯೇಕ ಪ್ರತಿ. ಸಂಕಲನದ ತಂತ್ರಾಂಶ ಡಾವಿಂಚಿ ರಿಸಾಲ್ವ್‌ನಲ್ಲಿ ವರ್ಕ್‌ಸ್ಪೇಸ್ ಮೆನುವಿನ ಡೇಟಾ ಬರ್ನ್-ಇನ್ ತೆರೆದರೆ ಟೈಮ್‌ಕೋಡ್ ಮತ್ತು ಹೆಸರು ಎರಡನ್ನೂ ಒಟ್ಟಿಗೆ ಹಾಕಬಹುದು. ಹೆಸರನ್ನು ಮೂಲೆಯಲ್ಲಿ ಹಾಕಬೇಡಿ, ಮೂಲೆಯನ್ನು ಕತ್ತರಿಸುವುದು ಸುಲಭ; ಚೌಕಟ್ಟಿನ ಕೆಳಗಿನ ಮೂರನೇ ಒಂದು ಭಾಗದಲ್ಲಿ ತೆಳುವಾಗಿ ಬರಲಿ. ಹದಿನೆಂಟು ಸಲ ಎಕ್ಸ್‌ಪೋರ್ಟ್ ಮಾಡುವುದು ಬೇಸರದ ಕೆಲಸವೇ. ಆದರೆ ತಮ್ಮ ಹೆಸರು ತೆರೆಯ ಮೇಲಿದ್ದಾಗ ಯಾರೂ ಸುಮ್ಮನೆ ಫಾರ್ವರ್ಡ್ ಮಾಡುವುದಿಲ್ಲ.

ಇಂಗ್ಲಿಷ್ ಉಪಶೀರ್ಷಿಕೆಗೆ ಮಾತ್ರ ಗುಂಪಿನ ನೆರವನ್ನು ಧಾರಾಳವಾಗಿ ಪಡೆಯಿರಿ. 'ಭಾವ' ಎಂದಾಗ ಅಕ್ಕನ ಗಂಡನೋ ಸೋದರತ್ತೆಯ ಮಗನೋ ಎಂದು ಊರಿನವರಿಗೆ ದನಿಯಲ್ಲೇ ತಿಳಿಯುತ್ತದೆ, ಬಾಡಿಗೆ ಅನುವಾದಕರಿಗೆ ತಿಳಿಯದು. ಅರ್ಥ ಅವರು ಹೇಳಲಿ, ಅಳತೆ ನೀವು ಹಿಡಿಯಿರಿ: ಸಾಲಿಗೆ 42 ಅಕ್ಷರ, ಎರಡೇ ಸಾಲು, ಸೆಕೆಂಡಿಗೆ 17 ಅಕ್ಷರಕ್ಕಿಂತ ವೇಗ ಬೇಡ.

ಪ್ರಶ್ನೆ: ಸಂಗೀತಗಾರರ ಗುಂಪೊಂದರಲ್ಲಿ ಪರಿಚಯವಾದವರು ಹಣ ಪಡೆಯದೆ ಹಿನ್ನೆಲೆ ಸಂಗೀತ ಕೊಟ್ಟರು. ಈಗ ನಮ್ಮದೇ ಟ್ರೇಲರ್‌ಗೆ ಯೂಟ್ಯೂಬ್‌ನಲ್ಲಿ ಕಾಪಿರೈಟ್ ಕ್ಲೇಮ್ ಬಂದಿದೆ!
– ಧಾರವಾಡದ ಓದುಗರು

ಉತ್ತರ: ಅವರು ಕೇಡು ಬಗೆದಿರಲಿಕ್ಕಿಲ್ಲ. ಅದೇ ಟ್ರ್ಯಾಕನ್ನು ಯಾವುದೋ ವಿತರಣಾ ಸೇವೆಯ ಮೂಲಕ ಹಾಡಿನ ಆ್ಯಪ್‌ಗಳಿಗೂ ಹಾಕಿರುತ್ತಾರೆ, ಆಗ ಕಂಟೆಂಟ್ ಐಡಿಯ (ಹಾಡನ್ನು ತಾನೇ ಗುರುತಿಸಿ ಕ್ಲೇಮ್ ಹಾಕುವ ಯೂಟ್ಯೂಬ್ ವ್ಯವಸ್ಥೆ) ಆಯ್ಕೆಗೂ ಒಪ್ಪಿಗೆ ಕೊಟ್ಟಿರುತ್ತಾರೆ. ಯಂತ್ರಕ್ಕೆ ನಿಮ್ಮ ಸ್ನೇಹ ಗೊತ್ತಿಲ್ಲ. ಅವರಿಗೆ ಫೋನ್ ಮಾಡಿ, ವಿತರಕರ ಖಾತೆಯೊಳಗಿಂದಲೇ ನಿಮ್ಮ ಚಾನೆಲ್ಲನ್ನು ವಿನಾಯಿತಿ ಪಟ್ಟಿಗೆ ಸೇರಿಸಿ ಕ್ಲೇಮ್ ಬಿಡಿಸುವಂತೆ ಕೇಳಿ. ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ; ಸ್ಟ್ರೈಕ್ ಎಂದರೆ ಹಕ್ಕುದಾರರ ದೂರಿನ ಮೇಲೆ ವಿಡಿಯೊ ತೆಗೆದು ಚಾನೆಲ್ಲಿಗೆ ಕೊಡುವ ಎಚ್ಚರಿಕೆ. ಕ್ಲೇಮ್‌ನಿಂದ ಹೆಚ್ಚಾಗಿ ಹೋಗುವುದು ಆ ವಿಡಿಯೊದ ಜಾಹೀರಾತಿನ ಹಣ. 90 ದಿನಗಳೊಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗಬಹುದು.

ನಿಜವಾದ ಅಪಾಯ ಕಾಗದವಿಲ್ಲದಿರುವುದು. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ಬರೆಯದಿದ್ದರೆ ಐದೇ ವರ್ಷ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಎರಡು ಸಾಲು ಬಿಟ್ಟದ್ದಕ್ಕೆ ಐದು ವರ್ಷದ ಬಳಿಕ ಹೊರದೇಶದ ಒಟಿಟಿ ಮಾರಾಟ ನಿಂತುಹೋಗುತ್ತದೆ. ಒಂದು ರೂಪಾಯಿ ಕೊಡದಿದ್ದರೂ ಒಂದು ಪುಟ ಬರೆಸಿಕೊಳ್ಳಿ: ಯಾವ ಟ್ರ್ಯಾಕ್, ಎಷ್ಟು ಕಾಲ, ಯಾವ ದೇಶ, ಯಾವ ಮಾಧ್ಯಮ, ಶೀರ್ಷಿಕೆಯಲ್ಲಿ ಹೆಸರು ಹೇಗೆ, ಆಮೇಲೆ ಲಾಭ ಬಂದರೆ ಅವರ ಪಾಲೆಷ್ಟು. ಈ ಕೊನೆಯ ಅಂಶವನ್ನು ನೀವೇ ಮುಂದಾಗಿ ಬರೆಯಿರಿ. ಪುಕ್ಕಟೆ ದುಡಿದವರಿಗೆ ಅಷ್ಟು ಮರ್ಯಾದೆ ಸಲ್ಲಬೇಕು.

ಪ್ರಶ್ನೆ: ಟ್ರೇಲರ್‌ಗೆ ಎರಡು ಲಕ್ಷ ವೀಕ್ಷಣೆ ಬಂತು, ಮೊದಲ ಶುಕ್ರವಾರ ಒಂದೊಂದು ಶೋಗೆ ಒಂಬತ್ತು-ಹತ್ತು ಜನ. ಮೇಲಾಗಿ ಒಬ್ಬರು 'ದುಡ್ಡು ಕೊಟ್ಟರೆ ಒಳ್ಳೆಯ ವಿಮರ್ಶೆ, ಇಲ್ಲದಿದ್ದರೆ ನೋಡಿಕೊಳ್ಳುತ್ತೇವೆ' ಎಂದರು.
– ಮೈಸೂರಿನ ಓದುಗರು

ಉತ್ತರ: ಎರಡು ಲಕ್ಷ ವೀಕ್ಷಣೆಯಲ್ಲಿ ಎಷ್ಟು ಜನ ನಿಮ್ಮ ಶೋ ಇದ್ದ ಊರಿನವರು? ಯೂಟ್ಯೂಬ್ ಸ್ಟುಡಿಯೊದಲ್ಲಿ ಪ್ರದೇಶವಾರು ಲೆಕ್ಕ ಮತ್ತು ಸರಾಸರಿ ಎಷ್ಟು ಸೆಕೆಂಡು ನೋಡಿದರು ಎಂಬುದನ್ನು ತೆಗೆದು ನೋಡಿ. ಎರಡೂವರೆ ನಿಮಿಷದ ಟ್ರೇಲರನ್ನು 20 ಸೆಕೆಂಡಿಗೆ ಬಿಟ್ಟುಹೋದವರು ಪ್ರೇಕ್ಷಕರಲ್ಲ.

ಮುಂದಿನ ಸಲ ಬಿಡುಗಡೆಗೆ ಐದು ವಾರ ಮೊದಲೇ ಗುಂಪಿಗೆ ಒಂದು ಗೂಗಲ್ ಫಾರ್ಮ್ ಕೊಡಿ: ಪಿನ್‌ಕೋಡ್, ಯಾವ ದಿನ, ಎಷ್ಟು ಟಿಕೆಟ್. ಯಾವ ಊರಿನಲ್ಲಿ 150 ಹೆಸರು ಬಂತೋ ಅಲ್ಲಿ ಮಾತ್ರ ಪರದೆ ಕೇಳಿ, ಅದೂ ಒಂದೇ ಶೋ. ಫಾರ್ಮ್ ತುಂಬಿದವರಲ್ಲಿ ಅರ್ಧ ಜನ ಬರುವುದಿಲ್ಲ ಎಂದೇ ಲೆಕ್ಕ ಹಿಡಿಯಿರಿ. ನಾಲ್ಕು ಊರಿನ ನಾಲ್ಕು ತುಂಬಿದ ಶೋ, ಹದಿನೆಂಟು ಖಾಲಿ ಪರದೆಗಿಂತ ಹೆಚ್ಚು ಬೆಲೆಯದ್ದು. ಮಲ್ಟಿಪ್ಲೆಕ್ಸಿನವರು ಮುಂದಿನ ವಾರದ ಶೋ ಪಟ್ಟಿ ಮಾಡುವಾಗ ನೋಡುವುದು ಶುಕ್ರವಾರದಿಂದ ಭಾನುವಾರದವರೆಗೆ ಸೀಟು ಎಷ್ಟು ತುಂಬಿತು ಎಂಬುದನ್ನು. ಹೀಗಾಗಿ ನಿಮ್ಮವರಿಗೆ 'ಬಿಡುವಾದಾಗ ನೋಡಿ' ಎನ್ನಬೇಡಿ, 'ಶನಿವಾರ ಸಂಜೆ ನಾಲ್ಕೂವರೆಯ ಶೋ, ಇಂಥ ಪರದೆ' ಎನ್ನಿ. ಹೊರದೇಶದ ಕನ್ನಡ ಕೂಟಗಳಿಗೂ ಇದೇ ಕ್ರಮ: ಒಂದು ಊರು, ಒಂದು ಭಾನುವಾರ, ಮೊದಲೇ ಮಾರಿದ ಟಿಕೆಟ್.

ಬೆದರಿಸಿದವರಿಗೆ ಹಣ ಕೊಡಬೇಡಿ. ಒಂದು ಸಲ ಕೊಟ್ಟರೆ ನಿಮ್ಮ ನಂಬರ್ ಇನ್ನೂ ಹತ್ತು ಕೈಗೆ ಹೋಗುತ್ತದೆ. ಸಂದೇಶದ ಸ್ಕ್ರೀನ್‌ಶಾಟ್ ಜೊತೆಗೆ ಚಾಟ್ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ, ಕರೆಯ ದಿನ-ಸಮಯ ಬರೆದಿಡಿ. ಹೆದರಿಸಿ ಹಣ ಕೇಳುವುದು ಭಾರತೀಯ ನ್ಯಾಯ ಸಂಹಿತೆಯ 308ನೇ ಸೆಕ್ಷನ್ನಿನ ಸುಲಿಗೆ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಆದರೆ ಪ್ರಾಮಾಣಿಕವಾಗಿ 'ಚೆನ್ನಾಗಿಲ್ಲ' ಎಂದವರನ್ನು ಇದರೊಂದಿಗೆ ಕಲಸಬೇಡಿ. ನಿಮ್ಮ ಟ್ರೇಲರಿನ ತುಣುಕು ಬಳಸಿದರೆಂದು ಅವರ ಮೇಲೆ ಸ್ಟ್ರೈಕ್ ಹಾಕುವುದು ತಪ್ಪು. ವಿಮರ್ಶೆಗಾಗಿ ಮಾಡುವ ನ್ಯಾಯಯುತ ಬಳಕೆಗೆ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ಸಣ್ಣ ಚಿತ್ರಗಳನ್ನು ಹುಡುಕಿಕೊಂಡು ಹೋಗಿ ನೋಡುವ ವಿಮರ್ಶಕರು ಮೊದಲೇ ಕಡಿಮೆ, ಅವರನ್ನು ಕಳೆದುಕೊಳ್ಳಬೇಡಿ.

ಪ್ರಶ್ನೆ: ಚಿತ್ರ ಟೆಲಿಗ್ರಾಮ್‌ನಲ್ಲಿ ಬಂದಿದೆ ಎಂದು ಅಭಿಮಾನಿಗಳು ಸಿಟ್ಟಿನಿಂದ ಪೋಸ್ಟ್ ಹಾಕುತ್ತಿದ್ದಾರೆ. ಏನು ಮಾಡಲಿ?
– ಬೆಂಗಳೂರಿನ ಓದುಗರು

ಉತ್ತರ: ಮೊದಲು ಆ ಪೋಸ್ಟ್‌ಗಳನ್ನು ತೆಗೆಸಿ. ಚಾನೆಲ್ಲಿನ ಹೆಸರು ಕಾಣುವ ಸ್ಕ್ರೀನ್‌ಶಾಟ್ ಹಂಚಿದರೆ ಕದ್ದ ಪ್ರತಿಗೆ ನಿಮ್ಮವರೇ ದಾರಿ ತೋರಿಸಿದಂತೆ. ಲಿಂಕನ್ನು ಎಲ್ಲೂ ಹಾಕದೆ ಒಂದೇ ಇಮೇಲ್‌ಗೆ ಕಳಿಸುವಂತೆ ಹೇಳಿ. ಒಂದು ಹಾಳೆಯಲ್ಲಿ ಲಿಂಕ್, ಸಿಕ್ಕ ದಿನ-ಸಮಯ, ದೂರು ಕೊಟ್ಟ ಸಮಯ, ತೆಗೆದ ಸಮಯ ಬರೆಯುತ್ತಾ ಹೋಗಿ. ವೇದಿಕೆಯ ದೂರು ಅಧಿಕಾರಿಗೆ ಬರೆಯುವುದರ ಜೊತೆಗೇ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2023ರ ನವೆಂಬರ್‌ನಲ್ಲಿ ಪೈರಸಿ ದೂರು ಪಡೆಯಲೆಂದೇ ನೇಮಿಸಿದ ನೋಡಲ್ ಅಧಿಕಾರಿಗಳಿಗೂ ದೂರು ಕೊಡಿ. ಅವರ ನಿರ್ದೇಶನ ಬಂದರೆ ವೇದಿಕೆ 48 ಗಂಟೆಯೊಳಗೆ ತೆಗೆಯಬೇಕು. ಹಕ್ಕು ನಿಮ್ಮದೆಂದು ತೋರಿಸಲು ಸೆನ್ಸಾರ್ ಪ್ರಮಾಣಪತ್ರ ಮತ್ತು ಒಪ್ಪಂದದ ಪ್ರತಿಗಳನ್ನು ಬಿಡುಗಡೆಗೆ ಮೊದಲೇ ಒಂದೇ ಪಿಡಿಎಫ್ ಮಾಡಿಟ್ಟುಕೊಂಡಿದ್ದರೆ ಅರ್ಧ ದಿನ ಉಳಿಯುತ್ತದೆ. ಚಿತ್ರಮಂದಿರದಲ್ಲಿ ಕದ್ದು ಚಿತ್ರೀಕರಿಸಿದವರು ಸಿಕ್ಕರೆ, 2023ರಲ್ಲಿ ತಿದ್ದುಪಡಿಯಾದ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಕನಿಷ್ಠ ಮೂರು ಲಕ್ಷ ರೂಪಾಯಿ ದಂಡ. ಅದು ಲೆಕ್ಕ ಪರಿಶೋಧನೆಯಾದ ಒಟ್ಟು ನಿರ್ಮಾಣ ವೆಚ್ಚದ ಶೇ 5ರವರೆಗೂ ಏರಬಹುದು. ಹಾಗಾಗಿ ವೆಚ್ಚವನ್ನು ತೋರಿಸಲು ಎರಡು ಮಿನಿಬಸ್ ಬಾಡಿಗೆಯ ಚೀಟಿಯಾದರೂ ಸರಿ, ಎಸೆಯದೆ ಇಟ್ಟುಕೊಳ್ಳಿ.