ಯಾಂಜಿಯಾವೊಗೆ ಯಾಕೆ ಪುಟ ಕೊಟ್ಟೆವು?

ದಾವಣಗೆರೆಯಿಂದ ಪತ್ರ ಬರೆದ ಓದುಗರಿಗೆ ನಮಸ್ಕಾರ.

ಹೋದ ಸಂಚಿಕೆಯಲ್ಲಿ ಚೀನಾ ಆಡಳಿತದ ಎರಡು ಊರುಗಳನ್ನು ಒಟ್ಟಿಗೆ ಪರಿಚಯಿಸಿದ್ದು ನಿಮಗೆ ಹಿಡಿಸಿಲ್ಲ. ಕೈಲಾಸ, ಮಾನಸ ಸರೋವರ ಇರುವ ಟಿಬೆಟಿನ ಪುರಾಂಗ್ ಕೌಂಟಿಯ ಬಗ್ಗೆ ಎಷ್ಟು ಬರೆದರೂ ಓದುತ್ತೇವೆ, ಆದರೆ ಬೀಜಿಂಗ್ ಪಕ್ಕದ ಯಾಂಜಿಯಾವೊಗೆ ಯಾರು ಹೋಗುತ್ತಾರೆ, ಅಲ್ಲಿ ನೋಡೋಕೆ ಏನಿದೆ ಅಂತ ಕೇಳಿದ್ದೀರಿ. ಜೊತೆಗೆ, 68 ವರ್ಷದ ನಿಮ್ಮ ತಂದೆ ಕೈಲಾಸಕ್ಕೆ ಹೋಗಬಹುದಾ ಅಂತಲೂ ಕೇಳಿದ್ದೀರಿ. ಎರಡಕ್ಕೂ ಉತ್ತರ ಕೊಡುತ್ತೇನೆ.

ಪ್ರವಾಸಿಗೆ ಯಾಂಜಿಯಾವೊದಲ್ಲಿ ನೋಡುವಂಥದ್ದು ಹೆಚ್ಚೇನೂ ಇಲ್ಲ, ನಿಜ. ತಿಯಾನನ್ಮೆನ್ ಚೌಕದಿಂದ ಪೂರ್ವಕ್ಕೆ ಸುಮಾರು 30 ಕಿಲೋಮೀಟರ್. ನಡುವೆ ಚಾವೊಬಾಯ್ ನದಿ. ಆ ಹೊಳೆ ದಾಟಿದರೆ ಬೀಜಿಂಗ್ ಮುಗಿದು ಹೆಬೇ ಪ್ರಾಂತ್ಯ ಶುರು, ಮನೆ ಬೆಲೆಯೂ ಅಲ್ಲಿಂದಲೇ ಇಳಿಯುತ್ತದೆ. ಅದಕ್ಕೇ ಬೀಜಿಂಗ್‌ನಲ್ಲಿ ದುಡಿಯುವ ಲಕ್ಷಗಟ್ಟಲೆ ಜನ ಇಲ್ಲಿ ಮನೆ ಮಾಡಿದರು. ಬೆಳಕು ಹರಿಯುವ ಮೊದಲೇ ಬಸ್ ಸ್ಟಾಪಿನಲ್ಲಿ ಸಾಲು. ಒಂದು ಕಾಲಕ್ಕೆ ಆ ಸಾಲಿನಲ್ಲಿ ನಿಂತವರಲ್ಲಿ ವಯಸ್ಸಾದ ಅಪ್ಪ ಅಮ್ಮಂದಿರೂ ಜಾಸ್ತಿ ಇದ್ದರು. ಅವರು ಎಲ್ಲಿಗೂ ಹೋಗುವವರಲ್ಲ. ಮಗನೋ ಮಗಳೋ ಇನ್ನೊಂದು ಅರ್ಧ ಗಂಟೆ ಮಲಗಲಿ ಅಂತ ಬಂದು ಜಾಗ ಹಿಡಿದು ನಿಲ್ಲುತ್ತಿದ್ದರು, ಮಕ್ಕಳು ಬಂದ ಮೇಲೆ ಜಾಗ ಬಿಟ್ಟುಕೊಟ್ಟು ಮನೆಗೆ ವಾಪಸ್. ಇದಕ್ಕಿಂತ ನೋಡುವಂಥದ್ದು ಇನ್ನೇನು ಬೇಕು ಹೇಳಿ. 2017ರಲ್ಲಿ ಮನೆ ಖರೀದಿಗೆ ಬಿಗಿ ನಿಯಮ ಬಂದು ಬೆಲೆ ಕುಸಿಯಿತು, ಏರಿದ್ದಾಗ ಸಾಲ ಮಾಡಿ ಕೊಂಡವರು ಕಂತು ಕಟ್ಟುತ್ತಲೇ ಉಳಿದರು. ಕೋವಿಡ್ ಕಾಲದಲ್ಲಂತೂ ಆ ಹೊಳೆಯೇ ಬೇಲಿಯಾಯಿತು. ಕೆಲಸಕ್ಕೆ ಹೋಗಲು ಬಿಡಿ ಅಂತ 2022ರಲ್ಲಿ ಜನ ಬೀದಿಗಿಳಿದಿದ್ದರು.

ಇನ್ನು ಪುರಾಂಗ್. ಭಾರತ, ನೇಪಾಳ, ಟಿಬೆಟ್ ಸೇರುವ ಮೂಲೆ. ನಮ್ಮ ಯಾತ್ರಿಗಳು ತಕ್ಲಾಕೋಟ್ ಅನ್ನುವ ಪಟ್ಟಣ ಸುಮಾರು 3900 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲೂ ಕರ್ನಾಲಿ ನದಿಯ ದಡದಲ್ಲಿ ಬಾರ್ಲಿ ಹೊಲಗಳಿವೆ. ಗಡಿಯ ಲಿಪುಲೇಖ್ ಕಣಿವೆ ದಾಟಿ ಉತ್ತರಾಖಂಡದ ಕುಮಾವೂಂನ ವ್ಯಾಪಾರಿಗಳು ಬೆಲ್ಲ, ಬಟ್ಟೆ ಹೊತ್ತು ಬರುತ್ತಿದ್ದರು, ಉಣ್ಣೆ, ಉಪ್ಪು ಕೊಂಡು ಹೋಗುತ್ತಿದ್ದರು. 1962ರ ಯುದ್ಧದೊಂದಿಗೆ ಅದು ನಿಂತು, ಮತ್ತೆ ಶುರುವಾಗಿದ್ದು 1992ರಲ್ಲಿ. ಮೂವತ್ತು ವರ್ಷ ಆ ವ್ಯಾಪಾರವೇ ಇಲ್ಲದಿದ್ದರೆ ಒಂದು ಊರಿನ ಗತಿ ಏನಾಗಿರಬೇಡ?

ಎರಡೂ ಊರಿಗೆ ಗಡಿಯಾರ ಒಂದೇ, ಬೀಜಿಂಗ್ ಸಮಯ. ಯಾಂಜಿಯಾವೊದ ಜನ ಬಸ್ಸಿಳಿದು ಆಫೀಸು ಸೇರುವ ಹೊತ್ತಿಗೂ ಚಳಿಗಾಲದಲ್ಲಿ ಪುರಾಂಗ್‌ನಲ್ಲಿ ಸೂರ್ಯ ಹುಟ್ಟಿರುವುದಿಲ್ಲ. ಅಲ್ಲಿ ಒಂಬತ್ತು ಗಂಟೆಗೂ ಬೆಳಗಾಗಿರುವುದಿಲ್ಲ.

ಒಟ್ಟಿಗೆ ಹಾಕಿದ್ದು ಯಾಕೆ ಅಂದರೆ, ಎರಡನ್ನೂ ಹೊರಗಿನವರು ಬೇರೆಲ್ಲಿಗೋ ಹೋಗುವ ದಾರಿ ಅಂತಷ್ಟೇ ನೋಡುತ್ತಾರೆ. ಬೀಜಿಂಗಿನವರಿಗೆ ಯಾಂಜಿಯಾವೊ ರಾತ್ರಿ ಮಲಗುವ ಜಾಗ. ನಮಗೆ ಪುರಾಂಗ್ ಕೈಲಾಸದ ಬಾಗಿಲು. ಅಲ್ಲೇ ಹುಟ್ಟಿ, ಹೊಲ ಮಾಡಿ, ಮಕ್ಕಳನ್ನು ಓದಿಸುವವರ ವಿಚಾರ ನಮಗೆ ಬೇಡವಾ? ನಮ್ಮ ಪತ್ರಿಕೆಗೆ ಬೇಕು.

ತಂದೆಯವರ ವಿಚಾರ. ಭಾರತ ಸರ್ಕಾರ ನಡೆಸುವ ಯಾತ್ರೆಗೆ 70 ವರ್ಷದವರೆಗೆ ಅರ್ಜಿ ಹಾಕಬಹುದು, ಆದರೆ ದೆಹಲಿಯಲ್ಲಿ ಆರೋಗ್ಯ ತಪಾಸಣೆ ಪಾಸಾಗಲೇಬೇಕು. ನಮ್ಮ ಮುಜರಾಯಿ ಇಲಾಖೆ ಸಹಾಯಧನವನ್ನೂ ಕೊಡುತ್ತದೆ, ವಿಚಾರಿಸಿ. ಪರಿಕ್ರಮ 52 ಕಿಲೋಮೀಟರ್, ಅದರಲ್ಲಿ ಡೋಲ್ಮಾ ಲಾ ಅನ್ನುವ ಎತ್ತರದ ಕಣಿವೆ ದಾರಿ ಏರುವುದೇ ಕಷ್ಟ. ಈಗಿನಿಂದಲೇ ದಿನಾ ನಡೆಯಲಿ. ಲಿಪುಲೇಖ್ ದಾರಿಯಲ್ಲಿ ಹೋದರೆ, ದೇಹ ಎತ್ತರಕ್ಕೆ ಹೊಂದಿಕೊಳ್ಳಲಿ ಅಂತ ತಕ್ಲಾಕೋಟ್‌ನಲ್ಲಿ ಉಳಿಸುತ್ತಾರೆ. ಆಗ ಸುಮ್ನೆ ರೂಮಿನಲ್ಲಿ ಕೂರದೆ, ಮೈ ಚೆನ್ನಾಗಿದ್ದರೆ ನಿಧಾನವಾಗಿ ಪೇಟೆ ಕಡೆ ಹೋಗಿ ಬರಲಿ. ಅಂಗಡಿಯವರನ್ನು ಮಾತಾಡಿಸಿ, ಕಂಡದ್ದನ್ನು ನಮಗೆ ಬರೆದು ಕಳಿಸಿದರೆ ಖಂಡಿತ ಹಾಕುತ್ತೇವೆ.

– ಸಂಪಾದಕ