ಅಜ್ಜನ ಕಾಲದ .375 ರೈಫಲ್ಲಿನ ಖಾಲಿ ಕಾಡತೂಸುಗಳನ್ನು ಮನೆಯಲ್ಲೇ ಮತ್ತೆ ತುಂಬಿಕೊಳ್ಳಬಹುದೇ?

ಗೋಕಾಕದ ಹತ್ತಿರದ ನಿಮ್ಮ ಮನೆಯಲ್ಲಿ ಅಜ್ಜನವರ .375 ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಮ್ ರೈಫಲ್ ಇದೆ, ಲೈಸೆನ್ಸು ನಿಮ್ಮ ಹೆಸರಿಗೆ ಆಗಿದೆ, ಆದರೆ ಕಾಡತೂಸು ಸಿಗುತ್ತಿಲ್ಲ. ಅಟ್ಟದ ಮೇಲೆ ಸಿಕ್ಕ ನಲವತ್ತು ಖಾಲಿ ಹಿತ್ತಾಳೆ ಕೊಳವೆಗಳನ್ನು ವಿದೇಶದವರು ವಿಡಿಯೋಗಳಲ್ಲಿ ತೋರಿಸುವ ಹಾಗೆ ಮನೆಯಲ್ಲೇ ತುಂಬಿಕೊಳ್ಳಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ತುಂಬಬೇಡಿ. ಕಾನೂನು ಒಂದು ಕಾರಣ. ಆ ಹಿತ್ತಾಳೆಯೊಳಗೆ ಏನಾಗಿದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ ಎಂಬುದು ಅದಕ್ಕಿಂತ ದೊಡ್ಡ ಕಾರಣ. ನಾನು ಸೈನ್ಯದಲ್ಲಿ ಆರ್ಮರರ್ ಆಗಿ ಇಪ್ಪತ್ತೆರಡು ವರ್ಷ ಬಂದೂಕುಗಳ ದುರಸ್ತಿ ಮಾಡಿ ಜಮಖಂಡಿಗೆ ಮರಳಿದವನು. ಈ ಸೀಮೆಯ ಹಳೆಯ ವಾಡೆಗಳ ರೈಫಲ್ಲುಗಳನ್ನು ನೋಡಿಕೊಡಿ ಎಂದು ಕೇಳಿಕೊಂಡು ಬರುವವರು ಇಂದಿಗೂ ಇದ್ದಾರೆ.

ಮೊದಲು ಕಾನೂನಿನ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಕಲಮಿನ ಪ್ರಕಾರ ಮದ್ದುಗುಂಡು ತಯಾರಿಸಲು ಪ್ರತ್ಯೇಕ ಲೈಸೆನ್ಸು ಬೇಕು; ರೈಫಲ್ ಇಟ್ಟುಕೊಳ್ಳಲು ನಿಮಗೆ ಕೊಟ್ಟಿರುವ ಲೈಸೆನ್ಸು ಅದಕ್ಕೆ ಸಾಲದು. ಅದೇ ಕಾಯ್ದೆಯ ವ್ಯಾಖ್ಯೆಯಲ್ಲಿ 'ಮದ್ದುಗುಂಡು' ಎಂದರೆ ತುಂಬಿದ ಕಾಡತೂಸು ಮಾತ್ರವಲ್ಲ, ಅದರ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರಗಳೂ ಸೇರುತ್ತವೆ. ಆದ್ದರಿಂದ ಕಾಡತೂಸು ತುಂಬುವ ಪ್ರೆಸ್ಸನ್ನು (ಕೈಯಿಂದ ಒತ್ತುವ ಯಂತ್ರವನ್ನು) ತರಿಸಿ ಸುಮ್ಮನೆ ಇಟ್ಟುಕೊಳ್ಳುತ್ತೇನೆ ಎಂಬ ಯೋಚನೆಯೂ ಸುರಕ್ಷಿತವಲ್ಲ. 2019ರ ತಿದ್ದುಪಡಿಯ ನಂತರ ಲೈಸೆನ್ಸಿಲ್ಲದೆ ತಯಾರಿಸುವುದಕ್ಕೆ ಕನಿಷ್ಠ 7 ವರ್ಷಗಳಿಂದ ಜೀವಾವಧಿಯವರೆಗೆ ಸೆರೆವಾಸವಿದೆ. ನಮ್ಮ ಸೀಮೆಯಲ್ಲಿ ಈ ಮಾತು ಬಂದಾಗಲೆಲ್ಲ 1857ರ ನಿಶ್ಶಸ್ತ್ರೀಕರಣ ಕಾಯ್ದೆಯನ್ನೂ, ಆಯುಧ ಒಪ್ಪಿಸಲು ನಿರಾಕರಿಸಿ ಪ್ರಾಣ ಕೊಟ್ಟ ಹಲಗಲಿಯ ಬೇಡರನ್ನೂ ಯಾರಾದರೂ ನೆನೆಯುತ್ತಾರೆ. ಆ ನೆನಪಿಗೆ ನಾನೂ ತಲೆಬಾಗುತ್ತೇನೆ. ಆದರೆ ಅದು ಜನರ ಕೈಯಿಂದ ಆಯುಧವನ್ನೇ ಕಿತ್ತುಕೊಂಡ ಕಾಯ್ದೆ, ಇದು ತಯಾರಿಕೆಯನ್ನು ನಿಯಂತ್ರಿಸುವ ಕಾಯ್ದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಇನ್ನು ಹಿತ್ತಾಳೆಯ ವಿಷಯ. ಒಂದು ಕಾಡತೂಸಿನಲ್ಲಿ ನಾಲ್ಕು ಭಾಗಗಳಿರುತ್ತವೆ: ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಕೂತು ಬಡಿತಕ್ಕೆ ಕಿಡಿ ಹೊತ್ತಿಸುವ ಪ್ರೈಮರ್ (ಹಳಬರು ಕೇಪು ಎನ್ನುತ್ತಾರೆ), ಒಳಗಿನ ಮದ್ದು, ತುದಿಯ ಗುಂಡು. ಇವುಗಳಲ್ಲಿ ಮತ್ತೆ ಬಳಕೆಗೆ ಬರುವುದು ಕೊಳವೆಯೊಂದೇ. .375ರಲ್ಲಿ ಗುಂಡು ಹಾರುವ ಕ್ಷಣದಲ್ಲಿ ಅನುಮತಿಸಿದ ಗರಿಷ್ಠ ಒತ್ತಡ 4300 ಬಾರ್. ಕಾರಿನ ಗಾಲಿಯಲ್ಲಿ ನಾವು ತುಂಬಿಸುವ ಗಾಳಿ 2 ಬಾರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಈ ಒತ್ತಡಕ್ಕೆ ಹಿತ್ತಾಳೆ ಉಬ್ಬಿ ನಳಿಗೆಯ ಗೋಡೆಗೆ ಅಂಟಿಕೊಂಡು ಬಿಸಿ ಅನಿಲವನ್ನು ಹಿಂದಕ್ಕೆ ಬಿಡದೆ ತಡೆಯುತ್ತದೆ, ಒತ್ತಡ ಇಳಿದ ಮೇಲೆ ತುಸು ಕುಗ್ಗಿ ಸಡಿಲವಾಗುತ್ತದೆ. ಪ್ರತಿ ಸಲವೂ ಅದು ಸ್ವಲ್ಪ ಹಿಗ್ಗುತ್ತದೆ.

1912ರಲ್ಲಿ ಹೊರಬಂದ .375ರ ಬುಡಕ್ಕೆ ಒಂದು ಉಬ್ಬುಪಟ್ಟಿ ಇದೆ. ಕಾಡತೂಸು ನಳಿಗೆಯೊಳಗೆ ಎಷ್ಟು ಆಳಕ್ಕೆ ಕೂರಬೇಕೆಂಬುದನ್ನು ಆ ಪಟ್ಟಿಯೇ ನಿರ್ಧರಿಸುತ್ತದೆ. ಕೊಳವೆ ಮೇಲೆ ಕಿರಿದಾಗುವಲ್ಲಿನ ಇಳಿಜಾರು ಹೆಗಲಿಗೆ ಬಿಗಿಯಾದ ಆಸರೆ ಇರುವುದಿಲ್ಲ. ಹೀಗಾಗಿ ಹಿತ್ತಾಳೆ ಮುಂದಕ್ಕೆ ಜಗ್ಗುವಾಗ ಪಟ್ಟಿಯ ಸ್ವಲ್ಪ ಮೇಲೆ ಒಳಗೋಡೆ ಸವೆದು ತೆಳುವಾಗುತ್ತದೆ. ಕೆಲವು ವರ್ಷಗಳ ಹಿಂದೆ ಖಂಡೇನವಮಿಯ ದಿನ ಇಲ್ಲಿಯ ಒಂದು ಮನೆತನದವರು ಪೂಜೆಗೆಂದು ರೈಫಲ್ ತೆಗೆದಿಟ್ಟು, ಅದರೊಂದಿಗೆ ಹಿಂದೆ ಯಾರೋ ಅತಿಥಿ ಎರಡು ಮೂರು ಸಲ ತುಂಬಿಕೊಟ್ಟಿದ್ದ ಕೊಳವೆಗಳನ್ನೂ ತೋರಿಸಿದರು. ಹೊರಗೆ ತಿಕ್ಕಿ ಬೆಳಗಿದ ತಂಬಿಗೆಯಂತೆ ಹೊಳೆಯುತ್ತಿದ್ದವು. ತಂತಿಯ ತುದಿಯನ್ನು ಕೊಂಚ ಬಗ್ಗಿಸಿ ಒಳಗೋಡೆಯ ಮೇಲೆ ಎಳೆದಾಗ ಬುಡದ ಹತ್ತಿರ ಅದು ಒಂದು ತಗ್ಗಿಗೆ ಸಿಕ್ಕಿ ನಿಂತಿತು. ಅವರ ಕಣ್ಣೆದುರಿಗೇ ಒಂದನ್ನು ಉದ್ದಕ್ಕೆ ಕೊಯ್ದು ತೋರಿಸಿದೆ. ಪಟ್ಟಿಯ ಮೇಲೆ ಗೋಡೆ ಕಾಗದದಷ್ಟು ಉಳಿದಿತ್ತು. ಇನ್ನೊಂದು ಸಲ ಹಾರಿಸಿದ್ದರೆ ಕೊಳವೆ ಅಲ್ಲಿಯೇ ತುಂಡಾಗಿ, ಅನಿಲವು ಬೋಲ್ಟಿನ (ನಳಿಗೆಯ ಹಿಂಬದಿಯನ್ನು ಮುಚ್ಚುವ ಅಗುಳಿಯ) ಸಂದಿಯಿಂದ ಹಾರಿಸುವವನ ಮುಖಕ್ಕೆ ಬಡಿಯುವ ಸಂಭವವಿತ್ತು. ಆ ಮನೆಯ ಯಜಮಾನರು ಉಳಿದವನ್ನೆಲ್ಲ ಮರುದಿನವೇ ಠಾಣೆಗೆ ಒಪ್ಪಿಸಿದರು. ಆ ಕೊಯ್ದ ತುಂಡು ನೆನಪಾದರೆ ನನಗೆ ಇಂದಿಗೂ ಎದೆ ಝಲ್ಲೆನ್ನುತ್ತದೆ.

ನಿಮ್ಮ ನಲವತ್ತು ಕೊಳವೆಗಳು ಎಷ್ಟು ಸಲ ಹಾರಿದವು, ಯಾವ ಪ್ರೈಮರಿನಿಂದ ಹಾರಿದವು ಎಂದು ಹೇಳುವವರು ಈಗ ಯಾರೂ ಇಲ್ಲ. ಹಳೆಯ ಪ್ರೈಮರುಗಳಲ್ಲಿ ಪಾದರಸದ ಸಂಯುಕ್ತವಿದ್ದರೆ ಅದು ಹಿತ್ತಾಳೆಯೊಳಕ್ಕೆ ಇಳಿದು ಅದನ್ನು ಪೆಡಸು ಮಾಡಿರುತ್ತದೆ; ಕ್ಲೋರೇಟ್ ಇದ್ದರೆ ಹಾರಿದ ಮೇಲೆ ಉಳಿಯುವ ಉಪ್ಪು ತೇವವನ್ನು ಹೀರಿ ನಳಿಗೆಗೆ ತುಕ್ಕು ಹಿಡಿಸುತ್ತದೆ. ಹಳೆಯ ಬ್ರಿಟಿಷ್ ಕೊಳವೆಗಳು ಬಹುತೇಕ ಬರ್ಡನ್ ಮಾದರಿಯವು, ಅಂದರೆ ಪ್ರೈಮರ್ ಬಡಿತ ತಿನ್ನುವ ಅಡಿಗಲ್ಲು ಕೊಳವೆಯ ಬುಡದಲ್ಲೇ ಇದ್ದು ಎರಡು ಸಣ್ಣ ರಂಧ್ರಗಳಿರುತ್ತವೆ. ವಿಡಿಯೋಗಳಲ್ಲಿ ನೀವು ನೋಡಿದ ಸಲಕರಣೆ ನಡುವೆ ಒಂದೇ ರಂಧ್ರವಿರುವ ಬಾಕ್ಸರ್ ಮಾದರಿಗೆ ತಕ್ಕುದು, ಇದಕ್ಕೆ ಹೊಂದುವುದೇ ಇಲ್ಲ.

ಮದ್ದಿನ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಹಳೆಯ ಕಾಡತೂಸು ಒಡೆದು ಅದರ ಮದ್ದನ್ನು ಹಾಕುವುದಾಗಲಿ, ಜಾತ್ರೆಯ ಪಟಾಕಿ ಮದ್ದನ್ನು ಹಾಕುವುದಾಗಲಿ ರೈಫಲ್ಲನ್ನು ಬಾಂಬ್ ಮಾಡಿಕೊಂಡಂತೆ. ಅಜ್ಜನ ಕಾಲದ ಕಾಡತೂಸುಗಳಲ್ಲಿ ಕಾರ್ಡೈಟ್ ಎಂಬ ಮದ್ದಿನ ಶಾವಿಗೆಯಂತಹ ಎಳೆಗಳಿರುತ್ತಿದ್ದವು. ಬಿಸಿಲು ಏರಿದಂತೆ ಕಾರ್ಡೈಟಿನ ಒತ್ತಡವೂ ಏರುತ್ತದೆ. ಅದಕ್ಕಾಗಿಯೇ ಕೈನೋಕ್‌ನಂತಹ ತಯಾರಕರು ಉಷ್ಣದೇಶಗಳಿಗೆಂದು ಮದ್ದು ಕಡಿಮೆ ಮಾಡಿದ ಕಾಡತೂಸುಗಳನ್ನು ಬೇರೆಯಾಗಿ ಮಾಡುತ್ತಿದ್ದರು. ತಣ್ಣನೆಯ ಇಂಗ್ಲೆಂಡಿಗೆ ಮಾಡಿದ ಕಾಡತೂಸು 40 ಡಿಗ್ರಿ ದಾಟುವ ವಿಜಯಪುರದ ಬೇಸಿಗೆಯಲ್ಲಿ ಅದೇ ಕಾಡತೂಸಾಗಿ ಉಳಿಯುವುದಿಲ್ಲ.

ಹಾಗಾದರೆ ವಿದೇಶದವರು ಹೇಗೆ ಮಾಡುತ್ತಾರೆ ಎಂದು ನೀವು ಕೇಳುವುದು ಸಹಜ. ಅಲ್ಲಿ ಕಾನೂನಿನ ಅನುಮತಿ ಇದೆ, ಹೊಸ ಕೊಳವೆಗಳು ಸಿಗುತ್ತವೆ, ಮದ್ದಿನ ತಯಾರಕರು ಪರೀಕ್ಷಿಸಿ ಪ್ರಕಟಿಸಿದ ಕೋಷ್ಟಕಗಳಿವೆ, ಗ್ರೇನಿನ ಹತ್ತನೆಯ ಒಂದು ಭಾಗವನ್ನು ತೂಗುವ ತಕ್ಕಡಿ ಇದೆ; ಒಂದು ಗ್ರೇನ್ ಎಂದರೆ 0.065 ಗ್ರಾಂ. ದೊಡ್ಡ ಕ್ಯಾಲಿಬರಿನಲ್ಲಿ, ಅಂದರೆ ದಪ್ಪ ಗುಂಡಿನ ರೈಫಲ್ಲುಗಳಲ್ಲಿ, ಈ ಕೆಲಸಕ್ಕೆ ನಿಜವಾದ ಬೆಲೆಯೂ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕಳೆದ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷ್ ಸರ್ಕಾರ ಭಾರತಕ್ಕೆ .450 ಕಾಡತೂಸು ಬರುವುದನ್ನು ತಡೆದಾಗ, ಲಂಡನ್ನಿನ ಬಂದೂಕುಗಾರರು ಆ ನಿಯಮದಿಂದ ಪಾರಾಗಲು .465, .470 ಮುಂತಾದವನ್ನು ಮುಂದಿಟ್ಟರು. ಮುಂದೆ ಇಂತಹ ಕಾಡತೂಸುಗಳ ತಯಾರಿಕೆ ಕುಗ್ಗಿದಾಗ ಆ ರೈಫಲ್ಲುಗಳನ್ನು ಜೀವಂತ ಇಟ್ಟವರು ಕೈಯಲ್ಲಿ ತುಂಬುವವರೇ. ಜೋಡುನಳಿಗೆಯ ರೈಫಲ್ಲಿನ ಎರಡೂ ಗುಂಡು ಒಂದೇ ಕಡೆ ಬೀಳುವಂತೆ ನಳಿಗೆಗಳನ್ನು ಒಂದು ನಿರ್ದಿಷ್ಟ ಗುಂಡಿನ ತೂಕ ಮತ್ತು ವೇಗಕ್ಕೆ ಹೊಂದಿಸಿ ಬೆಸೆದಿರುತ್ತಾರೆ. ಆ ವೇಗವನ್ನು ಮತ್ತೆ ಹಿಡಿಯುವುದು ಬಹಳ ಸೂಕ್ಷ್ಮದ ಕಸುಬು. ಅದನ್ನು ನಾನು ಗೌರವಿಸುತ್ತೇನೆ. ಆದರೆ ಆ ಅನುಕೂಲಗಳಲ್ಲಿ ಒಂದೂ ನಿಮ್ಮ ಅಟ್ಟದಲ್ಲಿಲ್ಲ.

ನೀವು ಮಾಡಬಹುದಾದದ್ದು ಇಷ್ಟು. .375 ಇನ್ನೂ ಹೊರದೇಶಗಳಲ್ಲಿ ತಯಾರಾಗುತ್ತಿರುವ ಕಾಡತೂಸು, ನಿಂತುಹೋದದ್ದಲ್ಲ. ಲೈಸೆನ್ಸುಳ್ಳ ವ್ಯಾಪಾರಿಯ ಹತ್ತಿರ ಕೇಳಿಟ್ಟು ಕಾಯಿರಿ. ಅದು ದುಬಾರಿ, ತಡವಾಗಬಹುದು. ಅದಕ್ಕೂ ಮುಂಚೆ ನಳಿಗೆಯನ್ನೂ, ಬೋಲ್ಟಿಗೂ ಕಾಡತೂಸಿಗೂ ನಡುವೆ ಉಳಿಯುವ ಸಂದನ್ನೂ ಅನುಭವಿ ಬಂದೂಕು ದುರಸ್ತಿಗಾರರಿಂದ ಅಳೆಯಿಸಿ. ಹಳೆಯ ಜೀವಂತ ಕಾಡತೂಸುಗಳಿದ್ದರೆ ಹಾರಿಸಿ ನೋಡಬೇಡಿ. ಅವನ್ನೂ ಈ ಖಾಲಿ ಕೊಳವೆಗಳನ್ನೂ ಏನು ಮಾಡಬೇಕೆಂದು ಠಾಣೆಗೆ ಬರೆದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಗುರಿ ಹೊಡೆಯುವ ಆಸೆ ನಿಮಗಿದ್ದರೆ ರೈಫಲ್ ಕ್ಲಬ್ಬಿನಲ್ಲಿ .22ರಿಂದ ಆರಂಭಿಸಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವಾಗ ಬೇಟೆಯ ಮಾತು ಹೇಗೂ ಬರುವುದಿಲ್ಲ.

ನಳಿಗೆಯ ಬುಡದಲ್ಲಿ ಪರೀಕ್ಷಾಲಯದ ಸಣ್ಣ ಮುದ್ರೆಗಳೂ ಕೆಲವು ಅಂಕಿಗಳೂ ಇರುತ್ತವೆ. ರೈಫಲ್ಲಿನ ಕ್ರಮಸಂಖ್ಯೆ ಕಾಣದಂತೆ ಮುಚ್ಚಿ, ಆ ಭಾಗದ ಸ್ಪಷ್ಟವಾದ ಫೋಟೋ ಒಂದನ್ನು ಇಲ್ಲಿ ಹಾಕಿ. ಅದು ಯಾವ ಗುಂಡಿಗೆ, ಎಷ್ಟು ಮದ್ದಿಗೆ ಪರೀಕ್ಷೆಯಾದ ರೈಫಲ್ ಎಂದು ಓದಿ ಹೇಳುತ್ತೇನೆ.